ಅಲಗಿನ ಬುಡ ಓದಲು ಬಂದರೆ

ಹಳೆಯ ಮಡಚುವ ಚಾಕು ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಅಲಗು ಬಿಚ್ಚಿ ಹೆಬ್ಬೆರಳಿನಿಂದ ಹರಿತ ನೋಡುತ್ತಾರೆ. ಬಲ್ಲವರು ಹರಿತದ ಗೋಜಿಗೇ ಹೋಗುವುದಿಲ್ಲ. ಅವರ ಕಣ್ಣು ಹೋಗುವುದು ಅಲಗು ಹಿಡಿಯೊಳಗೆ ಸೇರುವ ಜಾಗಕ್ಕೆ, ಸಾಣೆ ಮುಟ್ಟದೆ ಉಳಿದ ಬೆರಳುಗುರಿನಷ್ಟು ಅಗಲದ ಚೌಕಕ್ಕೆ. ಇಂಗ್ಲಿಷ್‌ನವರು ಅದನ್ನು ಟ್ಯಾಂಗ್ ಎನ್ನುತ್ತಾರೆ, ನಾವು ಅಲಗಿನ ಬುಡ ಎನ್ನೋಣ. ಚಾಕು ಮಾಡಿದವನ ಹೆಸರು, ಊರು, ಕೆಲವೊಮ್ಮೆ ಆಗ ಪಟ್ಟದಲ್ಲಿದ್ದ ರಾಜನ ಮೊದಲಕ್ಷರ, ಎಲ್ಲ ಅಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಲು ಬಂದರೆ ಆ ಚಾಕು ಯಾವ ಕಾಲದಲ್ಲಿ, ಯಾವ ಮಾರುಕಟ್ಟೆಗಾಗಿ, ಎಂಥ ಕೈಗಳಲ್ಲಿ ತಯಾರಾಯಿತು ಎಂಬುದನ್ನು ಬಹುಮಟ್ಟಿಗೆ ಹೇಳಬಹುದು.

ತಾತನ ಟ್ರಂಕಿನಲ್ಲಿ ಇಂಥದ್ದೊಂದು ಸಿಕ್ಕಿ ಏನು ಮಾಡಬೇಕೆಂದು ತಿಳಿಯದವರಿಗೂ, ಈಗ ಸಂಗ್ರಹ ಆರಂಭಿಸಬೇಕೆಂದಿರುವವರಿಗೂ ಈ ಬರಹ. ನಾನು ಹೇಳುವುದೆಲ್ಲ ಎರಡು ಅಭ್ಯಾಸಗಳ ಸುತ್ತ ಇದೆ. ಒಂದು, ಕೊಳ್ಳುವ ಮುಂಚೆ ಓದುವುದು. ಇನ್ನೊಂದು, ಕೊಂಡ ಮೇಲೆ ಅದನ್ನು ಅದರ ಪಾಡಿಗೆ ಬಿಡುವುದು. ಎರಡನೆಯದೇ ಕಷ್ಟ. ಹಳೆಯ ಚಾಕುಗಳನ್ನು ತುಕ್ಕಿಗಿಂತ ಹೆಚ್ಚಾಗಿ ಹಾಳುಮಾಡಿರುವುದು ಅವನ್ನು ಹೊಸದರಂತೆ ಹೊಳೆಯಿಸಬೇಕೆಂಬ ಒಳ್ಳೆಯ ಮನಸ್ಸು.

ಉದಾಹರಣೆಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕುಗಳನ್ನೇ ಮುಖ್ಯವಾಗಿ ತೆಗೆದುಕೊಳ್ಳುತ್ತೇನೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೂ ಅವು ಬಂದವು. ಅವುಗಳ ಮೇಲಿನ ಗುರುತುಗಳನ್ನು ಓದುವ ಕ್ರಮ ಒಮ್ಮೆ ಕೈಹತ್ತಿದರೆ ಜರ್ಮನಿಯ ಜೋಲಿಂಗೆನ್, ಅಮೆರಿಕ, ಫ್ರಾನ್ಸ್‌ಗಳ ಚಾಕುಗಳನ್ನು ಓದುವುದು ಕಷ್ಟವಾಗುವುದಿಲ್ಲ.

ಐದು ಹೊಳೆಗಳ ಊರು

ಡಾನ್, ಶೀಫ್, ಲಾಕ್ಸ್‌ಲಿ, ರಿವಲಿನ್, ಪೋರ್ಟರ್ ಎಂಬ ಹೊಳೆಗಳು ಶೆಫೀಲ್ಡ್‌ನ ಗುಡ್ಡಗಳಿಂದ ಇಳಿಯುತ್ತವೆ. ಅವುಗಳ ನೀರು ಚಕ್ರ ತಿರುಗಿಸಿತು, ಚಕ್ರ ಸಾಣೆಕಲ್ಲನ್ನು ತಿರುಗಿಸಿತು. ಸಾಣೆಗೆ ಬೇಕಾದ ಮರಳುಗಲ್ಲು ಅಕ್ಕಪಕ್ಕದ ಗುಡ್ಡಗಳಲ್ಲೇ ಸಿಗುತ್ತಿತ್ತು. ಹದಿನಾಲ್ಕನೆಯ ಶತಮಾನದ ಕೊನೆಗೆ ಕವಿ ಚಾಸರ್ ತನ್ನ ಕತೆಯ ಪಾತ್ರವೊಂದಕ್ಕೆ ಶೆಫೀಲ್ಡ್ ಚಾಕು ಕೊಟ್ಟಿದ್ದಾನೆಂದರೆ ಊರಿನ ಹೆಸರು ಆಗಲೇ ದೂರ ಹೋಗಿತ್ತು. 1624ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅಲ್ಲಿನ ಚಾಕು ಕೆಲಸಗಾರರ ಸಂಘ ಸ್ಥಾಪನೆಯಾಯಿತು. ಯಾರು ಯಾವ ಗುರುತು ಹಾಕಬೇಕೆಂಬುದನ್ನು ನೋಡಿಕೊಳ್ಳುತ್ತಿದ್ದುದು ಅದೇ ಸಂಘ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಕೊಂಡ ಮೇಲೆ ಅಲಗುಗಳ ಗುಣವೇ ಬದಲಾಯಿತು.

ಒಂದು ಚಾಕುವನ್ನು ಒಬ್ಬನೇ ಮಾಡುತ್ತಿರಲಿಲ್ಲ. ಕುಲುಮೆಯಲ್ಲಿ ಅಲಗು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಅಲಗು, ಸ್ಪ್ರಿಂಗ್, ಹಿಡಿ ಎಲ್ಲವನ್ನೂ ಕೂಡಿಸಿ ಪಿನ್ನು ಬಡಿದು ಚಾಕು ಮಾಡುವವನು ಮತ್ತೊಬ್ಬ. ಇವರಲ್ಲಿ ಅನೇಕರು ಬಾಡಿಗೆಯ ಚಿಕ್ಕ ಕೋಣೆಯಲ್ಲಿ ಸ್ವತಂತ್ರವಾಗಿ ದುಡಿಯುತ್ತಿದ್ದ ಕಸಬುದಾರರು. ಊರಿನವರು ಅವರನ್ನು 'ಲಿಟಲ್ ಮೆಸ್ಟರ್' ಎಂದು ಕರೆಯುತ್ತಿದ್ದರು. ಅಲಗಿನ ಮೇಲೆ ದೊಡ್ಡ ಕಂಪನಿಯ ಹೆಸರಿದ್ದರೂ ಅದರ ಹಿಂದೆ ಹೆಸರಿಲ್ಲದ ಇಂಥ ಹಲವು ಕೈಗಳಿರುತ್ತವೆ.

ಸಾಣೆಯವರ ಪಾಡು ಮಾತ್ರ ಘೋರವಾಗಿತ್ತು. ಒಣ ಕಲ್ಲಿನ ಮೇಲೆ ಉಕ್ಕು ತಿಕ್ಕುವಾಗ ಏಳುವ ಕಲ್ಲುಪುಡಿ, ಲೋಹದ ಪುಡಿ ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶ ಗಟ್ಟಿಯಾಗುತ್ತಿತ್ತು. ಅದಕ್ಕೆ 'ಸಾಣೆಯವರ ಉಬ್ಬಸ' ಎಂದೇ ಹೆಸರು. ಶೆಫೀಲ್ಡ್‌ನ ವೈದ್ಯ ಜಾರ್ಜ್ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಈ ರೋಗದ ಮೇಲೆ ಪುಸ್ತಕವನ್ನೇ ಬರೆದ. ನಡುವಯಸ್ಸು ಮುಟ್ಟುವ ಮೊದಲೇ ಸತ್ತ ಸಾಣೆಯವರು ಲೆಕ್ಕವಿಲ್ಲದಷ್ಟು. ವಿಕ್ಟೋರಿಯ ಕಾಲದ ಚಾಕುವೊಂದರ ಅಲಗು ಬೆಳಕಿಗೆ ಹಿಡಿದು, ಬೆನ್ನಿನಿಂದ ಬಾಯಿಯವರೆಗೆ ಅದು ತೆಳುವಾಗುತ್ತ ಬರುವ ಒನಪನ್ನು ನೋಡುವಾಗ ಇದು ನೆನಪಿರಬೇಕೆಂದು ನಾನು ಬಯಸುತ್ತೇನೆ. ಆ ನಯಕ್ಕೆ ಯಾರೋ ತಮ್ಮ ಉಸಿರನ್ನು ಕೊಟ್ಟಿದ್ದಾರೆ. ಹಳೆಯ ಅಲಗನ್ನು ಗ್ರೈಂಡರ್‌ಗೆ ಹಿಡಿದು ಸವೆಸಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ನನಗಿರುವ ಮುಖ್ಯ ಕಾರಣ ಇದೇ.

ಲಿಟಲ್ ಮೆಸ್ಟರ್ ಪರಂಪರೆಯ ಕೊನೆಯ ದೊಡ್ಡ ಹೆಸರು ಸ್ಟ್ಯಾನ್ ಶಾ. 1926ರಲ್ಲಿ ಹುಟ್ಟಿ, ಬಾಲಕನಾಗಿದ್ದಾಗಲೇ ಇಬರ್ಸನ್ ಕಂಪನಿಗೆ ಸೇರಿ, ಇಳಿವಯಸ್ಸಿನವರೆಗೂ ಕೈಯಿಂದಲೇ ಮಡಚುವ ಚಾಕು ಮಾಡುತ್ತಿದ್ದ ಅವರು 2021ರಲ್ಲಿ ತೀರಿಕೊಂಡರು.

ಬುಡದ ಬರಹ

ಓದಲು ಕೂರುವ ಮುಂಚೆ ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದನ್ನು ಕೊಂಡುಕೊಳ್ಳಿ. ಈ ಹವ್ಯಾಸಕ್ಕೆ ಬೇಕಾದ ಉಪಕರಣ ಅದೊಂದೇ. ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಸವೆದ ಅಕ್ಷರಗಳೂ ಮೇಲೇಳುತ್ತವೆ.

ಶೆಫೀಲ್ಡ್‌ನ ಅತಿ ಪ್ರಸಿದ್ಧ ಹೆಸರು ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್. ಅವರ ಗುರುತು ಒಂದು ನಕ್ಷತ್ರ ಮತ್ತು ಒಂದು ಮಾಲ್ಟೀಸ್ ಶಿಲುಬೆ. ಆ ಗುರುತಿನ ಇತಿಹಾಸ 1682ರವರೆಗೆ ಹೋಗುತ್ತದೆ. ನಾಲ್ಕನೆಯ ಜಾರ್ಜ್ ದೊರೆಯಿಂದ 1822ರಲ್ಲಿ ಕಂಪನಿಗೆ ಅರಮನೆಯ ಮಾನ್ಯತೆ ಸಿಕ್ಕಿತು. ಅಂದಿನಿಂದ ಅಲಗಿನ ಬುಡದಲ್ಲಿ ಕಿರೀಟದ ಎರಡು ಬದಿಗೆ ರಾಜನ ಅಕ್ಷರಗಳು ಕಾಣತೊಡಗಿದವು. ಕಾಲ ಗುರುತಿಸಲು ಇದು ಚಿನ್ನದಂಥ ಸುಳಿವು. ಡಬ್ಲ್ಯು.ಆರ್. ಎಂದಿದ್ದರೆ ನಾಲ್ಕನೆಯ ವಿಲಿಯಂ, ಅಂದರೆ 1830ರಿಂದ 1837. ವಿ.ಆರ್. ಎಂದಿದ್ದರೆ ವಿಕ್ಟೋರಿಯ ರಾಣಿ, 1837ರಿಂದ 1901. ಜಿ.ಆರ್. ಎಂದಿದ್ದರೆ ತುಸು ನಿಲ್ಲಬೇಕು. 1830ಕ್ಕೆ ಹಿಂದಿನ ಜಾರ್ಜ್ ಇರಬಹುದು, 1910ರ ನಂತರದ ಜಾರ್ಜ್ ಕೂಡ ಇರಬಹುದು. ಆಗ ಬೇರೆ ಸುಳಿವುಗಳನ್ನು ಜೋಡಿಸಬೇಕು.

ಬೇರೆ ಸುಳಿವುಗಳಲ್ಲಿ ಮುಖ್ಯವಾದದ್ದು ದೇಶದ ಹೆಸರು. ಅಮೆರಿಕ 1890ರಲ್ಲಿ ಮಕಿನ್ಲಿ ಸುಂಕ ಕಾಯ್ದೆ ತಂದು, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಕಟ್ಟು ಮಾಡಿತು. ಹಾಗಾಗಿ ಬುಡದಲ್ಲಿ ಇಂಗ್ಲೆಂಡ್ ಎಂಬ ಪದವಿದ್ದರೆ ಚಾಕು ಸಾಮಾನ್ಯವಾಗಿ ಆ ಕಾಯ್ದೆಯ ನಂತರದ್ದು. ಪದ ಇಲ್ಲ ಎಂದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಎನ್ನುವಂತಿಲ್ಲ, ಅಮೆರಿಕಕ್ಕೆ ಹೋಗದ ಸರಕಿನ ಮೇಲೆ ಅದನ್ನು ಹಾಕಲೇಬೇಕೆಂದಿರಲಿಲ್ಲ. ಅಲಗಿನ ಮೇಲೆ ಸ್ಟೇನ್‌ಲೆಸ್ ಎಂದಿದ್ದರೆ ಇನ್ನೂ ಸುಲಭ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು 1913ರಲ್ಲಿ, ಅದಕ್ಕೂ ಮುಂಚಿನ ಚಾಕುವಿನಲ್ಲಿ ಆ ಪದ ಇರಲು ಸಾಧ್ಯವಿಲ್ಲ. ಮೇಲೆ ಹೇಳಿದ ಜಿ.ಆರ್. ಗುರುತಿನ ಜೊತೆ ಇಂಗ್ಲೆಂಡ್ ಎಂಬ ಪದವೂ ಇದ್ದರೆ ಅದು ಇಪ್ಪತ್ತನೆಯ ಶತಮಾನದ ಜಾರ್ಜ್ ಎಂದು ತಿಳಿಯಬಹುದು.

ಒಂದು ಎಚ್ಚರಿಕೆ. ವಿ.ಆರ್. ಮತ್ತು ಕಿರೀಟ ಕಂಡೊಡನೆ ರಾಡ್ಜರ್ಸ್ ಎಂದು ನಂಬಬೇಡಿ. ಅರಮನೆಗೆ ಸಂಬಂಧವೇ ಇಲ್ಲದ ಅನೇಕರೂ ಅದನ್ನು ಅಚ್ಚೊತ್ತಿದರು. ರಾಡ್ಜರ್ಸ್ ಹೆಸರನ್ನು ಒಂದಕ್ಷರ ಆಚೀಚೆ ಮಾಡಿ ಹಾಕಿದವರೂ ಇದ್ದರು. ತಮ್ಮ ಗುರುತು ನಕಲಾದದ್ದಕ್ಕೆ ಕಂಪನಿ 1840ರ ದಶಕದಲ್ಲಿ ನೋವಿಲ್ ಎಂಬ ಮತ್ತೊಂದು ಮನೆತನದ ಮೇಲೆ ಹೂಡಿದ ಮೊಕದ್ದಮೆ ವ್ಯಾಪಾರ ಚಿಹ್ನೆಯ ಕಾನೂನಿನಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಹೆಸರಿನ ಒಂದೊಂದೇ ಅಕ್ಷರವನ್ನು ಲೂಪ್ ಹಿಡಿದು ಓದಿ.

ಇನ್ನೊಂದು ದೊಡ್ಡ ಹೆಸರು ಜಾರ್ಜ್ ವುಸ್ಟನ್‌ಹೋಮ್. ಅವರ ಗುರುತು ಐ*ಎಕ್ಸ್‌ಎಲ್. ಅವರ ಗಮನವೆಲ್ಲ ಅಮೆರಿಕದ ಮಾರುಕಟ್ಟೆಯ ಮೇಲಿತ್ತು, ಕಾರ್ಖಾನೆಗೆ ವಾಷಿಂಗ್ಟನ್ ವರ್ಕ್ಸ್ ಎಂಬ ಹೆಸರೂ ಇತ್ತು. 1971ರಲ್ಲಿ ರಾಡ್ಜರ್ಸ್, ವುಸ್ಟನ್‌ಹೋಮ್ ಎರಡೂ ಒಂದಾದವು. ಆ ಮೇಲೆ ಹೆಸರುಗಳು ಕೈಯಿಂದ ಕೈಗೆ ಹೋದವು. ಇಂದಿಗೂ ಆ ಹೆಸರುಗಳಲ್ಲಿ ಹೊಸ ಚಾಕುಗಳು ಬರುತ್ತಿವೆ. ಅವು ಕೆಟ್ಟ ಚಾಕುಗಳೇನಲ್ಲ, ಆದರೆ ಹೆಸರು ಹಳೆಯದು ಎಂದು ಚಾಕು ಹಳೆಯದಾಗುವುದಿಲ್ಲ.

ಅಮೆರಿಕದ ಕೇಸ್ ಕಂಪನಿಯದು ಸಂಗ್ರಾಹಕರಿಗೆ ಅಚ್ಚುಮೆಚ್ಚಿನ ಪದ್ಧತಿ. 1970ರಲ್ಲಿ ಅವರು ಬುಡದ ಹೆಸರಿನ ಕೆಳಗೆ ಹತ್ತು ಚುಕ್ಕೆ ಇಟ್ಟರು, ಪ್ರತಿ ವರ್ಷ ಒಂದೊಂದು ಚುಕ್ಕೆ ತೆಗೆಯುತ್ತ ಬಂದರು. ಏಳು ಚುಕ್ಕೆ ಇದ್ದರೆ 1973. ಇಷ್ಟು ಸಲೀಸಾದ ಲೆಕ್ಕ ಬೇರೆ ಕಡೆ ಅಪರೂಪ.

ಹೊಸಬರು ಎಲ್ಲಿಂದ ಶುರುಮಾಡಬೇಕು

ಕೇಳಿದವರಿಗೆಲ್ಲ ನಾನು ಹೇಳುವುದು ಬೆಳ್ಳಿಯ ಹಣ್ಣಿನ ಚಾಕುವಿನಿಂದ ಎಂದು. ಉಕ್ಕಿನ ಅಲಗು ಹಣ್ಣಿನ ಹುಳಿಗೆ ಕಪ್ಪಾಗುತ್ತದೆ, ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಅದಕ್ಕಾಗಿ ಅಲಗನ್ನು ಬೆಳ್ಳಿಯಲ್ಲಿ, ಹಿಡಿಯನ್ನು ಮುತ್ತಿನ ಚಿಪ್ಪಿನಲ್ಲಿ ಮಾಡಿದ ಚಿಕ್ಕ ಮಡಚುವ ಚಾಕುಗಳು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಹೇರಳವಾಗಿ ಬಂದವು. ಹೆಂಗಸರು ಇಟ್ಟುಕೊಳ್ಳುತ್ತಿದ್ದರು, ಉಡುಗೊರೆಯಾಗಿ ಕೊಡುತ್ತಿದ್ದರು. ಹಿಡಿಯ ನಡುವಿನ ಪುಟ್ಟ ಬೆಳ್ಳಿ ತಗಡಿನ ಮೇಲೆ ಅನೇಕ ಸಲ ಯಾರದೋ ಹೆಸರಿನ ಮೊದಲಕ್ಷರ ಕೆತ್ತಿರುತ್ತದೆ. ಅದನ್ನು ಅಳಿಸದೆ ಉಳಿಸಿಕೊಂಡ ಚಾಕುವೇ ನನಗೆ ಹೆಚ್ಚು ಇಷ್ಟ.

ಹೊಸಬರಿಗೆ ಇದು ಒಳ್ಳೆಯದೆನ್ನಲು ಕಾರಣ ಹಾಲ್‌ಮಾರ್ಕ್. ನಮ್ಮಲ್ಲಿ ಚಿನ್ನದ ಒಡವೆಯ ಮೇಲೆ ಹಾಲ್‌ಮಾರ್ಕ್ ನೋಡುವ ಅಭ್ಯಾಸ ಈಗ ಬಂದಿದೆ. ಶೆಫೀಲ್ಡ್‌ನಲ್ಲಿ ಬೆಳ್ಳಿ ಪರೀಕ್ಷಿಸುವ ಕಚೇರಿ 1773ರಲ್ಲೇ ಸ್ಥಾಪನೆಯಾಗಿತ್ತು. ನಡೆಯುತ್ತಿರುವ ಸಿಂಹದ ಗುರುತು ಇದ್ದರೆ ಅದು ಸಾವಿರಕ್ಕೆ 925 ಪಾಲಿನ ಸ್ಟರ್ಲಿಂಗ್ ಬೆಳ್ಳಿ. ಕಿರೀಟ ಇದ್ದರೆ ಶೆಫೀಲ್ಡ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಪಕ್ಕದ ಒಂಟಿ ಅಕ್ಷರ ವರ್ಷ ಹೇಳುತ್ತದೆ. ರಾಜ ಅಥವಾ ರಾಣಿಯ ತಲೆ ಇದ್ದರೆ ಸುಂಕ ಕಟ್ಟಿದ ಗುರುತು, ಅದು 1784ರಿಂದ 1890ರವರೆಗೆ ಮಾತ್ರ ಇತ್ತು. ವರ್ಷದ ಅಕ್ಷರ ಓದುವಾಗ ಅಕ್ಷರದ ಬರವಣಿಗೆಯ ಶೈಲಿ, ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಕೋಷ್ಟಕದೊಂದಿಗೆ ಹೋಲಿಸಬೇಕು. ಶೆಫೀಲ್ಡ್‌ನಲ್ಲಿ 1824ರವರೆಗೆ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲೂ ಇರಲಿಲ್ಲ. ಕೋಷ್ಟಕ ಪಕ್ಕದಲ್ಲಿಟ್ಟುಕೊಂಡು ಕೂತರೆ ಒಂದು ಸಂಜೆಯಲ್ಲಿ ಕೈವಶವಾಗುವ ವಿದ್ಯೆ ಇದು. ಇಪ್ಪತ್ತು ಮೂವತ್ತು ವರ್ಷಗಳ ಅಂದಾಜಿನ ಬದಲು ನಿಖರವಾದ ವರ್ಷ ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಇನ್ನುಳಿದ ಬಗೆಗಳು ಹಲವು. ಗರಿಯ ಲೇಖನಿ ಚೂಪು ಮಾಡಲು ಹುಟ್ಟಿದ್ದು ಪೆನ್‌ನೈಫ್. ಬರ್ಮಿಂಗ್‌ಹ್ಯಾಮಿನ ಉಕ್ಕಿನ ನಿಬ್ಬು ಬಂದು ಗರಿ ಮೂಲೆಗೆ ಸೇರಿದ ಮೇಲೂ ಪೆನ್ಸಿಲ್‌ಗಾಗಿ ಅದು ಉಳಿಯಿತು. ಕುದುರೆ ಸವಾರರ ಚಾಕುವಿನಲ್ಲಿ ಗೊರಸಿಗೆ ಸಿಕ್ಕ ಕಲ್ಲು ಕೀಳುವ ಕೊಕ್ಕೆ ಇರುತ್ತದೆ. ತೋಟಗಾರರ ಚಾಕುವಿನ ಅಲಗು ಕುಡುಗೋಲಿನಂತೆ ಒಳಕ್ಕೆ ಬಾಗಿರುತ್ತದೆ. ಲ್ಯಾಂಬ್ಸ್‌ಫುಟ್ ಎಂಬ ನೇರ ಬಾಯಿಯ ಅಲಗು ಶೆಫೀಲ್ಡ್‌ನದೇ ವಿಶೇಷ. ಹಿಡಿಯ ಒಂದು ತುದಿಗೆ ಉದ್ದನೆಯ ಲೋಹದ ಕವಚವಿರುವ ಬಾರ್ಲೊ ಚಾಕು 1876ರಲ್ಲಿ ಬಂದ ಮಾರ್ಕ್ ಟ್ವೇನ್‌ನ ಟಾಮ್ ಸಾಯರ್ ಕಾದಂಬರಿಯಲ್ಲೂ ಬರುತ್ತದೆ. ಇನ್ನು ಪ್ರದರ್ಶನಕ್ಕೆಂದೇ ಮಾಡಿದ ಅದ್ಭುತಗಳಿವೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ರಾಡ್ಜರ್ಸ್ ಕಂಪನಿ 75 ಅಲಗು ಮತ್ತು ಉಪಕರಣಗಳ ನಾರ್ಫೋಕ್ ಚಾಕು ಮಾಡಿತು, ಅದು ಈಗ ಶೆಫೀಲ್ಡ್‌ನ ಕಟ್ಲರ್ಸ್ ಹಾಲ್‌ನಲ್ಲಿದೆ.

ಎಲ್ಲವನ್ನೂ ಕೊಳ್ಳಲು ಹೋಗಬೇಡಿ. ಒಂದು ಬಗೆ, ಒಂದು ಊರು ಅಥವಾ ಒಂದು ಕಸಬು ಹಿಡಿದುಕೊಳ್ಳಿ. ಸವೆದ ಹತ್ತು ಚಾಕುವಿನ ದುಡ್ಡಿಗೆ ಚೆನ್ನಾಗಿರುವ ಒಂದನ್ನು ಕೊಳ್ಳಿ. ಹತ್ತು ಸವೆದವು ಕಲಿಸದ್ದನ್ನು ಆ ಒಂದು ಕಲಿಸುತ್ತದೆ.

ಹಿಡಿಯ ಕತೆ

ಹಿಡಿಗೆ ಬಳಸಿದ ವಸ್ತುವಿನಲ್ಲೇ ನಮ್ಮ ನೆಲದ ನಂಟಿದೆ. ಸಂಗ್ರಾಹಕರು ಸ್ಟ್ಯಾಗ್ ಎಂದು ಕರೆಯುವ, ಒರಟು ಗೆರೆಗಳ ಕಂದು ಹಿಡಿ ಹೆಚ್ಚಾಗಿ ಭಾರತದ ಕಡವೆಯ ಕೊಂಬು. ಕಡವೆ ವರ್ಷವರ್ಷವೂ ಕೊಂಬು ಉದುರಿಸುತ್ತದೆ. ಕಾಡಿನಲ್ಲಿ ಬಿದ್ದದ್ದನ್ನು ಆಯ್ದು ಹಡಗಿಗೆ ತುಂಬಿ ಶೆಫೀಲ್ಡ್‌ಗೂ ಜೋಲಿಂಗೆನ್‌ಗೂ ಕಳುಹಿಸುತ್ತಿದ್ದರು. ಯುರೋಪಿನ ಜಿಂಕೆಗಳ ಕೊಂಬಿಗಿಂತ ಕಡವೆಯದು ಒಳಗೆ ಗಟ್ಟಿ, ಟೊಳ್ಳು ಕಡಿಮೆ. ಹಾಗಾಗಿ ಪಿನ್ನು ಬಡಿದರೆ ಒಡೆಯುವುದಿಲ್ಲ. ನಮ್ಮ ಎಮ್ಮೆಯ ಕೊಂಬೂ ಹೋಯಿತು. ಭಾರತ ಕಡವೆ ಕೊಂಬಿನ ರಫ್ತು ನಿಲ್ಲಿಸಿದ ಮೇಲೆ ಪಾಶ್ಚಾತ್ಯ ಕಂಪನಿಗಳು ಮೂಳೆಯನ್ನೇ ಹಾಗೆ ಕಾಣುವಂತೆ ಕೆತ್ತಿ ಬಣ್ಣ ಹಾಕುವುದನ್ನು ಹೆಚ್ಚಿಸಿದವು.

ಮೂಳೆ, ದಂತ, ಪ್ಲಾಸ್ಟಿಕ್ ಬೇರ್ಪಡಿಸಲು ಕಾಯಿಸಿದ ಸೂಜಿ ಚುಚ್ಚಿ ನೋಡು ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ, ಆ ತೂತು ಶಾಶ್ವತ. ಲೂಪ್ ಸಾಕು. ಮೂಳೆಯಲ್ಲಿ ರಕ್ತನಾಳಗಳಿದ್ದ ಕಡೆ ಕಪ್ಪು ಚುಕ್ಕೆ, ಚಿಕ್ಕ ಗೀರು ಕಾಣುತ್ತವೆ. ಆನೆದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಜಾಲ ಇರುತ್ತದೆ. ಗೆರೆಗಳು ತೀರಾ ಅಚ್ಚುಕಟ್ಟಾಗಿ ಸಮಾನಾಂತರವಾಗಿದ್ದರೆ ಅದು ಬಹುಶಃ ಸೆಲ್ಯುಲಾಯ್ಡ್. ಹೆಬ್ಬೆರಳಿನಿಂದ ಜೋರಾಗಿ ತಿಕ್ಕಿ ಮೂಸಿದರೆ ಸೆಲ್ಯುಲಾಯ್ಡ್ ಕರ್ಪೂರದ ವಾಸನೆ ಬೀರುತ್ತದೆ. ಅದರ ತಯಾರಿಕೆಯಲ್ಲಿ ಕರ್ಪೂರವೇ ಬಳಕೆಯಾಗುತ್ತಿತ್ತು.

ಸೆಲ್ಯುಲಾಯ್ಡ್ ಬಗ್ಗೆ ಇನ್ನೊಂದು ಮಾತು. ಹಳತಾದಂತೆ ಅದು ಒಳಗಿಂದ ಕೊಳೆಯುತ್ತದೆ, ಆಮ್ಲದ ಆವಿ ಬಿಡುತ್ತದೆ. ಆ ಆವಿ ತನ್ನ ಅಲಗನ್ನಷ್ಟೇ ಅಲ್ಲ, ಅದೇ ಪೆಟ್ಟಿಗೆಯಲ್ಲಿರುವ ಬೇರೆ ಚಾಕುಗಳನ್ನೂ ತಿನ್ನುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಚಾಕುಗಳನ್ನು ಬೇರೆಯೇ ಇಡಿ, ಗಾಳಿಯಾಡುವಂತೆ ಇಡಿ, ಬೆಂಕಿಯಿಂದ ದೂರ ಇಡಿ.

ಅಂಗಡಿಯ ಮೇಜಿನ ಮುಂದೆ

ಬಿಚ್ಚುವ ಮೊದಲು ಮಾರುವವರನ್ನು ಕೇಳಿ. ಮೊನೆ ನಿಮ್ಮ ಕಡೆ ಇರದಂತೆ ಹಿಡಿದು, ಉಗುರನ್ನು ಅಲಗಿನ ಮೇಲಿನ ಗೀರಿಗೆ ಕೊಟ್ಟು ನಿಧಾನವಾಗಿ ಎತ್ತಿ. ಬೆನ್ನಿನ ಸ್ಪ್ರಿಂಗ್ ಒಂದೇ ಸಮ ಎದುರು ಕೊಡಬೇಕು, ಅಲಗು ನೆಟ್ಟಗೆ ನಿಲ್ಲುವಾಗ 'ಟಕ್' ಎಂಬ ಖಚಿತ ಸದ್ದು ಬರಬೇಕು. ಅಮೆರಿಕದ ಸಂಗ್ರಾಹಕರು ಇದನ್ನು 'ವಾಕ್ ಅಂಡ್ ಟಾಕ್' ಎನ್ನುತ್ತಾರೆ. ಮುಚ್ಚುವಾಗ ಎರಡೂ ಕೈ ಬಳಸಿ, ಅಲಗನ್ನು ಬಡಿಯಲು ಬಿಡಬೇಡಿ. ಹಳೆಯ ಸ್ಪ್ರಿಂಗ್ ಒಡೆಯುವುದು ಇಂಥ ಹೊತ್ತಿನಲ್ಲೇ, ಬೆರಳು ಕೊಯ್ಯುವುದೂ ಆಗಲೇ.

ಬಿಚ್ಚಿದಾಗಲೂ ಮುಚ್ಚಿದಾಗಲೂ ಬೆನ್ನಿನ ಮೇಲೆ ಬೆರಳಾಡಿಸಿ. ಸ್ಪ್ರಿಂಗು ಅಕ್ಕಪಕ್ಕದ ಹಿತ್ತಾಳೆ ತಗಡುಗಳಿಗೆ ಸಮವಾಗಿರಬೇಕು, ಎಡವಬಾರದು. ಚಾಕುವನ್ನು ಬೆಳಕಿಗೆ ಹಿಡಿದರೆ ಸ್ಪ್ರಿಂಗಿನ ಪಕ್ಕದಿಂದ ಬೆಳಕು ತೂರಿ ಬರಬಾರದು. ಅಲಗನ್ನು ಎಡಬಲ ಮೆಲ್ಲಗೆ ಅಲುಗಿಸಿ ನೋಡಿ. ತುಸು ಅಲುಗಿದರೆ ವಯಸ್ಸು, ಲಟಲಟ ಎಂದರೆ ದೋಷ.

ಬೆಲೆ ನಿಲ್ಲುವುದು ಬಹುಪಾಲು ಅಲಗು ಎಷ್ಟು ಉಳಿದಿದೆ ಎಂಬುದರ ಮೇಲೆ. ಮತ್ತೆ ಮತ್ತೆ ಮಸೆದ ಅಲಗು ಬುಡದ ಮುಂದೆಯೇ ಒಳಕ್ಕೆ ತಗ್ಗಿರುತ್ತದೆ, ಅಲ್ಲಿ ಮೆಟ್ಟಿಲಿನಂಥ ಮೂಲೆ ಉಳಿದಿರುತ್ತದೆ. ಮೊನೆ ಮುರಿದು ಮತ್ತೆ ಚೂಪು ಮಾಡಿದ್ದರೆ, ಮುಚ್ಚಿದಾಗ ಅದು ಹಿಡಿಯೊಳಗೆ ಇರಬೇಕಾದ ಜಾಗಕ್ಕಿಂತ ಹಿಂದೆ ನಿಲ್ಲುತ್ತದೆ. ಎರಡು ಅಲಗಿನ ಚಾಕುವಿನಲ್ಲಿ ಚಿಕ್ಕದು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ. ಎರಡರ ಬಣ್ಣವನ್ನೂ ಹೋಲಿಸಿ. ಒಂದು ಬೂದುಗಪ್ಪು, ಇನ್ನೊಂದು ಬೆಳ್ಳಗೆ ಇದ್ದರೆ ಅಲಗು ಬದಲಾಗಿರುವ ಸಂಭವವಿದೆ. ಆಗ ಪಿನ್ನುಗಳ ತಲೆ ನೋಡಿ. ಮೂಲ ಪಿನ್ನು ಹಿಡಿಯೊಂದಿಗೆ ಸವೆದು ಒಂದಾಗಿರುತ್ತದೆ. ಹೊಸದಾಗಿ ಬಡಿದದ್ದು ಹೊಳೆಯುತ್ತದೆ, ಸುತ್ತಲೂ ಸುತ್ತಿಗೆಯ ಗಾಯ ಇರುತ್ತದೆ. ಸಂದಿಯಲ್ಲಿ ಅಂಟು ಕಂಡರೆ ಅಲ್ಲಿಗೇ ಬಿಡಿ.

ನಕಲಿ ಹಳತನ ಬೇರೆ. ಆಮ್ಲ ಹಚ್ಚಿ ಕಪ್ಪು ಮಾಡಿದ ಅಲಗಿನಲ್ಲಿ ಬಣ್ಣ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಬಳಕೆಯ ಬಣ್ಣ ಎಂದೂ ಸಮವಾಗಿರುವುದಿಲ್ಲ, ಕೈ ತಾಗಿದಲ್ಲಿ ಒಂದು ಬಗೆ, ತಾಗದಲ್ಲಿ ಇನ್ನೊಂದು ಬಗೆ. ಪ್ರವಾಸಿಗರ ಅಂಗಡಿಗಳಲ್ಲಿ ಹಿತ್ತಾಳೆ ಹಿಡಿಯ ಮೇಲೆ ಲಂಡನ್ ಎಂದೂ ಹಳೆಯ ಇಸವಿ ಎಂದೂ ದಪ್ಪಕ್ಷರದಲ್ಲಿ ಕೆತ್ತಿದ ಚಾಕುಗಳು ಸಿಗುತ್ತವೆ. ಹಳೆಯ ಕಸಬುದಾರ ಗುರುತನ್ನು ಬುಡದಲ್ಲಿ ಚಿಕ್ಕದಾಗಿ ಒತ್ತುತ್ತಿದ್ದ, ಹಿಡಿಯ ಮೇಲೆ ಜಾಹೀರಾತು ಬರೆಯುತ್ತಿರಲಿಲ್ಲ. ಬಫಿಂಗ್ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಮಾಡಿದ್ದರೆ ಬುಡದ ಅಕ್ಷರಗಳ ಅಂಚು ಕರಗಿದಂತೆ ಮೆತ್ತಗಾಗಿರುತ್ತದೆ. ಅಂಥದ್ದರಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ನಮ್ಮ ಮಳೆಗಾಲ, ನಮ್ಮ ಹುಣಸೆಹಣ್ಣು

ಮನೆಗೆ ಬಂದ ಚಾಕುವಿಗೆ ಮೊದಲ ಅಪಾಯ ಅಡುಗೆಮನೆಯಿಂದ. ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಪೂಜೆಯ ಪಾತ್ರೆಗೆ ಅದು ಸರಿ. ಚಾಕುವಿನ ಒಳತಗಡಿಗೆ ಹಚ್ಚಿದರೆ ಹುಳಿ ಸಂದಿಗೆ ಇಳಿದು ಸ್ಪ್ರಿಂಗನ್ನು ತುಕ್ಕು ಹಿಡಿಸುತ್ತದೆ. ಎರಡನೆಯ ಅಪಾಯ ಕೊಬ್ಬರಿ ಎಣ್ಣೆ. ಅದು ಕಾಲಕ್ರಮದಲ್ಲಿ ಕಮಟಾಗಿ ಜಿಗುಟಾಗುತ್ತದೆ. ಹೊಲಿಗೆ ಮಷಿನ್‌ಗೆ ಹಾಕುವ ತೆಳ್ಳನೆಯ ಎಣ್ಣೆ ಒಂದು ಹನಿ ಸಾಕು. ಕೀಲಿಗೆ ಬಿಟ್ಟು ಕೆಲವು ಸಲ ಬಿಚ್ಚಿ ಮುಚ್ಚಿದರೆ ಕಪ್ಪು ಕಸರು ಹೊರಬರುತ್ತದೆ, ಬಿದಿರಿನ ಕಡ್ಡಿಗೆ ಹತ್ತಿಬಟ್ಟೆ ಸುತ್ತಿ ಒರೆಸಿ. ನೀರಿಗಂತೂ ಅದ್ದಲೇಬೇಡಿ. ಮೂಳೆ, ಕೊಂಬು, ಮರ ಎಲ್ಲ ಉಬ್ಬಿ ಸೀಳುತ್ತವೆ.

ಕಪ್ಪು, ಬೂದು, ನೀಲಿ ಛಾಯೆ ಉಕ್ಕಿನ ವಯಸ್ಸು. ಅದು ಅಲಗನ್ನು ಕಾಯುತ್ತದೆ, ಅದನ್ನು ಮುಟ್ಟಬೇಡಿ. ಕೆಂಪು ಪುಡಿತುಕ್ಕು ಮಾತ್ರ ಬೆಳೆಯುವ ರೋಗ. ಅಲ್ಲಿ ಎಣ್ಣೆ ಹಾಕಿ ಒಂದೆರಡು ದಿನ ಬಿಟ್ಟು, ಉಕ್ಕಿಗಿಂತ ಮೆದುವಾದ ತಾಮ್ರ ಅಥವಾ ಹಿತ್ತಾಳೆ ತುಂಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಮರಳು ಕಾಗದ ಬೇಡ. ಸಾಣೆ ಬೇಡ. ಹಣ್ಣು ಕೊಯ್ಯಲು ಬೇರೆ ಚಾಕು ಇದ್ದೇ ಇದೆ.

ಕರಾವಳಿ, ಮಲೆನಾಡು, ಕೊಡಗಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಜೋಪಾನ ಮಾಡಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ, ಸೆಲ್ಯುಲಾಯ್ಡ್ ಅಲ್ಲದವನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಚರ್ಮದ ಚೀಲ ಅಂದವಾಗಿ ಕಾಣುತ್ತದೆ, ಆದರೆ ಚರ್ಮ ಹದಮಾಡಿದ ರಾಸಾಯನಿಕಗಳು ಹಿತ್ತಾಳೆಗೆ ಹಸಿರು ಕಿಲುಬು, ಉಕ್ಕಿಗೆ ತುಕ್ಕು ತರುತ್ತವೆ. ತಿಂಗಳಿಗೊಮ್ಮೆ ತೆಗೆದು ನೋಡಿ. ಮುಟ್ಟಿದ ಮೇಲೆ ಅಲಗನ್ನು ಒರೆಸಿಯೇ ಒಳಗಿಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರೆಸುತ್ತದೆ.

ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕು, ಗೃಹೋಪಯೋಗಿ ಅಥವಾ ಕೃಷಿಯಂಥ ಕೆಲಸದ ಸಾಧನ ಅಲ್ಲದಿದ್ದರೆ, ಶಸ್ತ್ರದ ಪಟ್ಟಿಗೆ ಬರುತ್ತದೆ. ಹಳೆಯ ಜೇಬುಚಾಕುಗಳು ಇದಕ್ಕಿಂತ ಬಹಳ ಚಿಕ್ಕವು. ಆದರೂ ಜೇಬಿನಲ್ಲಿಟ್ಟು ಊರು ತಿರುಗಬೇಡಿ. ನಿಷೇಧಾಜ್ಞೆ ಇದ್ದ ಕಡೆ, ಮೆಟ್ರೋ ನಿಲ್ದಾಣದಲ್ಲಿ, ಕೋರ್ಟಿನ ಬಾಗಿಲಲ್ಲಿ ಪೊಲೀಸರಿಗೆ ಕಾಣುವುದು ಚಾಕು ಮಾತ್ರ, ಅದರ ಇತಿಹಾಸವಲ್ಲ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಒಪ್ಪಿಸುವ ಪೆಟ್ಟಿಗೆಯಲ್ಲಿರಲಿ.

ಆನೆದಂತದ ಹಿಡಿಯ ಚಾಕು ಎಷ್ಟೇ ಚೆಂದವಿರಲಿ, ಕೊಳ್ಳಬೇಡಿ, ಮಾರಬೇಡಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ. ಹೊರದೇಶದಿಂದ ತರಿಸುವ ಯೋಚನೆಯೂ ಬೇಡ. ಬ್ರಿಟನ್ನಿನಲ್ಲೂ ದಂತದ ವಹಿವಾಟು ನಿರ್ಬಂಧಿಸುವ 2018ರ ಕಾಯ್ದೆ 2022ರಿಂದ ಜಾರಿಯಲ್ಲಿದೆ. ಕಡವೆ ಕೊಂಬು, ಆಮೆಚಿಪ್ಪಿನ ಹಿಡಿ ಇದ್ದರೂ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಹಣ ಕೊಡಬೇಡಿ. ಇನ್ನೊಂದು ಕಾಯ್ದೆಯನ್ನು ವಿದೇಶದಲ್ಲಿ ಮಕ್ಕಳಿರುವವರು ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಕಲೆ, ಕುಶಲತೆಯ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸಲು ಬಿಡುವುದಿಲ್ಲ. ಮುತ್ತಾತನ ಚಾಕುವನ್ನು ಮೊಮ್ಮಗ ಅಮೆರಿಕಕ್ಕೆ ಒಯ್ಯುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ, ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಸಿಗುತ್ತದೆಯೇ ನೋಡಬೇಕು.

ಇನ್ನೂ ಕಲಿಯಬೇಕೆನ್ನುವವರಿಗೆ

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಶೆಫೀಲ್ಡ್‌ಗೆ ಹೋಗಲು ಒಂದು ದಿನ ಮಾಡಿಕೊಳ್ಳಿ. ಕೆಲ್‌ಹ್ಯಾಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿ ಕೆನ್ ಹಾಲಿ ಎಂಬುವರು ಜೀವನವಿಡೀ ಕೂಡಿಸಿದ ಉಪಕರಣ ಮತ್ತು ಚಾಕುಗಳ ಸಂಗ್ರಹವಿದೆ. ಅರ್ಧ ಮಾಡಿದ ಅಲಗುಗಳೂ ಅಲ್ಲಿವೆ. ಚಾಕು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಪೂರ್ಣಗೊಂಡದ್ದಕ್ಕಿಂತ ಅವೇ ಹೆಚ್ಚು ನೆರವಾಗುತ್ತವೆ. ಪೋರ್ಟರ್ ಹೊಳೆಯ ದಂಡೆಯ ಶೆಫರ್ಡ್ ವೀಲ್‌ನಲ್ಲಿ ನೀರಿನಿಂದ ತಿರುಗುವ ಸಾಣೆಮನೆ ಉಳಿದಿದೆ. ಊರಿಗೆ ಹೋಗಲಾಗದವರು ಜೆಫ್ರಿ ಟ್ವೀಡೇಲ್ ಅವರು ಸಿದ್ಧಪಡಿಸಿದ, 1740ರಿಂದ 2013ರವರೆಗಿನ ಶೆಫೀಲ್ಡ್ ಚಾಕು ತಯಾರಕರ ಕೋಶವನ್ನು ನೋಡಬಹುದು. ಬುಡದಲ್ಲಿ ಕಂಡ ಹೆಸರು ಬಹುತೇಕ ಅಲ್ಲಿರುತ್ತದೆ.

ಟ್ರಂಕಿನಲ್ಲಿ ಚಾಕು ಸಿಕ್ಕವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಅದನ್ನು ಒರೆಸುವ ಮುಂಚೆ ಎರಡೂ ಬದಿಯ, ಬುಡದ ಎರಡೂ ಮುಖದ ಫೋಟೊ ತೆಗೆಯಿರಿ. ಒಂದು ಕಾರ್ಡಿನಲ್ಲಿ ಅಲಗಿನ ಉದ್ದ, ಬುಡದ ಬರಹ ಇದ್ದಂತೆಯೇ, ಹಿಡಿಯ ವಸ್ತು, ಸಿಕ್ಕ ಜಾಗ ಬರೆಯಿರಿ. ಆಮೇಲೆ ಮನೆಯ ಹಿರಿಯರ ಬಳಿ ಕೂತು ಅದು ಯಾರದು, ಅವರು ಏನು ಕೆಲಸದಲ್ಲಿದ್ದರು, ಯಾವ ಊರಿನ ಅಂಗಡಿಯಲ್ಲಿ ಕೊಂಡರು, ಅದರಿಂದ ಏನು ಕೊಯ್ಯುತ್ತಿದ್ದರು ಎಂದು ಕೇಳಿ ಅದನ್ನೂ ಅದೇ ಕಾರ್ಡಿನಲ್ಲಿ ಅವರ ಮಾತಿನಲ್ಲೇ ಬರೆದಿಡಿ. ಬುಡದ ಅಚ್ಚಿನಲ್ಲಿ ಇಲ್ಲದ ಈ ಅರ್ಧವನ್ನು ಹೇಳಬಲ್ಲವರು ಅವರು ಮಾತ್ರ.